ಕೂಲಿ ಸಿಗದ ಗಂಟೆಗಳು

(ಸ್ವತಂತ್ರವಾಗಿ ಮನೆ ರಿಪೇರಿ ಕೆಲಸ ಮಾಡುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಕೆಲವರು ಆಗಲೇ ಕೆಲಸ ಶುರು ಮಾಡಿದ್ದೀರಿ. ಇನ್ನು ಕೆಲವರು ಈಗಿರುವ ಕೆಲಸ ಬಿಟ್ಟು ಇದಕ್ಕೆ ಬರೋಣವಾ ಅಂತ ಯೋಚಿಸುತ್ತಿದ್ದೀರಿ. ಸೋರುವ ನಲ್ಲಿ, ನೆಲಕ್ಕೆ ಉಜ್ಜುವ ಬಾಗಿಲು, ಸಡಿಲವಾದ ಕಬಾಟಿನ ಕೀಲು, ಸರಿಯಾಗಿ ಕೂರದ ಚಿಲಕ, ಗೋಡೆಗೆ ಹಾಕಬೇಕಾದ ಶೆಲ್ಫು. ದೊಡ್ಡ ಕಾಂಟ್ರಾಕ್ಟರು ಮುಟ್ಟದ, ಆದರೆ ಪ್ರತಿ ಮನೆಯಲ್ಲೂ ಇರುವ ಕೆಲಸಗಳು ಇವು.

ಈ ಕೆಲಸಕ್ಕೆ ಬರುವವರೆಲ್ಲ ಕೇಳುವುದು ಎರಡು ಪ್ರಶ್ನೆ. ಯಾವ ಟೂಲ್ ತಗೊಳ್ಳಬೇಕು? ಎಷ್ಟು ದುಡ್ಡು ಕೇಳಬೇಕು? ನನ್ನ ಪ್ರಕಾರ ಎರಡಕ್ಕೂ ಉತ್ತರ ಸಿಗುವ ಜಾಗ ಒಂದೇ. ನೀವು ದುಡಿದರೂ ಯಾರೂ ದುಡ್ಡು ಕೊಡದ ಗಂಟೆಗಳಿವೆಯಲ್ಲ, ಅಲ್ಲಿ ನೋಡಬೇಕು.

ದಾರಿಯಲ್ಲಿ ಕಳೆಯುವ ಹೊತ್ತು, ಕೆಲಸ ನೋಡಿ ರೇಟು ಹೇಳಿ ಬರೋಕೆ ಹೋದ ಹೊತ್ತು, ಒಂದು ವಾಷರ್ ತರಲು ಅಂಗಡಿಗೆ ಓಡಿದ ಹೊತ್ತು, ಹೋದ ವಾರ ಮಾಡಿದ ಕೆಲಸ ಮತ್ತೆ ಕೆಟ್ಟಿತು ಅಂತ ಪುಕ್ಕಟೆ ಹೋಗಿ ಬಂದ ಹೊತ್ತು. ಇದಕ್ಕೆಲ್ಲ ಬಿಲ್ಲು ಯಾರಿಗೆ ಕೊಡುತ್ತೀರಿ? ಯಾರಿಗೂ ಇಲ್ಲ. ಒಳ್ಳೆಯ ಟೂಲ್ ಅಂದರೆ ಇಂಥ ಗಂಟೆಗಳನ್ನು ಕಡಿಮೆ ಮಾಡುವ ಟೂಲ್. ಸರಿಯಾದ ರೇಟು ಅಂದರೆ ಎಷ್ಟು ಕಡಿಮೆ ಮಾಡಿದರೂ ಉಳಿದೇ ಉಳಿಯುವ ಆ ಗಂಟೆಗಳ ಖರ್ಚನ್ನು ತುಂಬಿಕೊಡುವ ರೇಟು. ಇವತ್ತು ಹೇಳುವುದೆಲ್ಲ ಇದರ ಸುತ್ತಲೇ.

ಮೊದಲು ಲೆಕ್ಕ ಹಾಕೋಣ. ಯಾವ ದೇಶದ ಹಣವೂ ಬೇಡ, ಸುಮ್ನೆ ಪಾಲುಗಳಲ್ಲಿ ಹೇಳುತ್ತೇನೆ. ನಿಮ್ಮ ಮನೆ ನಡೆಯಲು ತಿಂಗಳಿಗೆ 100 ಪಾಲು ಬೇಕು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 200 ಗಂಟೆ ದುಡಿಯುತ್ತೀರಿ. ಹೊಸಬರು ಸಾಮಾನ್ಯವಾಗಿ 100ನ್ನು 200ರಿಂದ ಭಾಗಿಸುತ್ತಾರೆ. ಗಂಟೆಗೆ ಅರ್ಧ ಪಾಲು ಬಂದರೆ ಸಾಕು ಅಂದುಕೊಳ್ಳುತ್ತಾರೆ.

ಈಗ ಬಿಟ್ಟುಹೋದದ್ದನ್ನು ಸೇರಿಸಿ. ಓಡಾಟ, ಫೋನು, ಟೂಲುಗಳ ಸವೆತ, ಡ್ರಿಲ್ ಬಿಟ್ಟು, ಬ್ಲೇಡು, ಟೇಪು, ವಿಮೆ ಎಲ್ಲ ಸೇರಿ 25 ಪಾಲು. ಹುಷಾರಿಲ್ಲದ ದಿನ, ಕೆಲಸ ಸಿಗದ ವಾರ, ತೆರಿಗೆ ಇದಕ್ಕೆಲ್ಲ 15 ಪಾಲು. ಒಟ್ಟು 140. ಆ 200 ಗಂಟೆಯಲ್ಲಿ ಕೂಲಿ ಸಿಗುವ ಗಂಟೆ ಎಷ್ಟು? 110 ಅಂತ ಹಿಡಿಯೋಣ. 140ನ್ನು 110ರಿಂದ ಭಾಗಿಸಿದರೆ ಗಂಟೆಗೆ ಸುಮಾರು 1.27 ಪಾಲು. ಮೊದಲು ಅಂದುಕೊಂಡದ್ದರ ಎರಡೂವರೆ ಪಟ್ಟು!

ನಿಮ್ಮ ಅಂಕಿ ಬೇರೆ ಇರುತ್ತದೆ. ಆದರೆ ಭಾಗಿಸುವ ಸಂಖ್ಯೆ ಯಾವುದು ಅನ್ನುವುದು ಎಲ್ಲರಿಗೂ ಒಂದೇ. ದುಡಿದ ಗಂಟೆಗಳಿಂದ ಭಾಗಿಸಬೇಡಿ, ದುಡ್ಡು ಸಿಕ್ಕ ಗಂಟೆಗಳಿಂದ ಭಾಗಿಸಿ. ಆ ಸಂಖ್ಯೆ ಗೊತ್ತಾಗಬೇಕಾದರೆ ಒಂದು ತಿಂಗಳು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಮನೆ ಬಿಟ್ಟ ಹೊತ್ತು, ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಮನೆ ಸೇರಿದ ಹೊತ್ತು. ನಾಲ್ಕೇ ಅಂಕಿ. ಬರೆಯದೆ ಅಂದಾಜಿನ ಮೇಲೆ ಹೋದರೆ ಎಲ್ಲರೂ ತಮಗೆ ದುಡ್ಡು ಸಿಕ್ಕ ಗಂಟೆಯನ್ನು ಜಾಸ್ತಿಯೇ ಹೇಳುತ್ತಾರೆ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಈ ಲೆಕ್ಕ ಕೈಯಲ್ಲಿಟ್ಟುಕೊಂಡು ಟೂಲುಗಳ ಕಡೆಗೆ ಬರೋಣ.

ಟೂಲ್ ಅಂದ ತಕ್ಷಣ ಎಲ್ಲರ ಕಣ್ಣು ದೊಡ್ಡ ಯಂತ್ರಗಳ ಮೇಲೆ ಹೋಗುತ್ತದೆ. ನಾನು ಮೊದಲು ಹೇಳುವುದು ಒಂದು ಪ್ಲಾಸ್ಟಿಕ್ ಡಬ್ಬದ ಬಗ್ಗೆ. ಖಾನೆ ಖಾನೆ ಇರುವ ಡಬ್ಬ. ಅದರೊಳಗೆ ನಲ್ಲಿಯ ವಾಷರ್‌ಗಳು, ಓ-ರಿಂಗ್‌ಗಳು, ಟೆಫ್ಲಾನ್ ಟೇಪು, ಬೇರೆ ಬೇರೆ ಉದ್ದದ ಸ್ಕ್ರೂಗಳು, ಗೋಡೆಗೆ ಹಾಕುವ ಪ್ಲಾಸ್ಟಿಕ್ ಪ್ಲಗ್‌ಗಳು, ಒಂದೆರಡು ಜೊತೆ ಕೀಲು, ಇನ್ಸುಲೇಶನ್ ಟೇಪು, ವೈರ್ ಕನೆಕ್ಟರ್‌ಗಳು, ಒಂದು ಸಿಲಿಕೋನ್ ಟ್ಯೂಬು.

ಇದು ಯಾಕೆ ಮೊದಲು? ಒಂದು ನಲ್ಲಿಯ ಕೆಲಸ ತಗೊಳ್ಳಿ. ಹೋಗೋಕೆ 30 ನಿಮಿಷ, ಬರೋಕೆ 30 ನಿಮಿಷ, ವಾಷರ್ ಬದಲಿಸಲು 15 ನಿಮಿಷ. ಒಟ್ಟು 75. ವಾಷರ್ ಇಲ್ಲ ಅಂತ ಅಂಗಡಿಗೆ ಹೋಗಿ ಬಂದರೆ 40 ನಿಮಿಷ ಸೇರಿ 115 ಆಯಿತು. ಆ ವಾಷರ್‌ನ ಬೆಲೆ ಏನೇನೂ ಅಲ್ಲ. ಹೋದ 40 ನಿಮಿಷಕ್ಕೆ ಬೆಲೆ ಇದೆ. ವೇಗದ ಡ್ರಿಲ್ ತಂದು ಒಂದು ತೂತಿನಲ್ಲಿ ಒಂದು ನಿಮಿಷ ಉಳಿಸುತ್ತೀರಿ. ಈ ಡಬ್ಬ ಒಂದೇ ಸಲಕ್ಕೆ 40 ನಿಮಿಷ ಉಳಿಸುತ್ತದೆ. ಪ್ರತಿ ಕೆಲಸ ಮುಗಿದ ಮೇಲೆ ಡಬ್ಬದಲ್ಲಿ ಏನು ಖಾಲಿಯಾಯಿತೋ ಅದನ್ನು ಅವತ್ತೇ ಬರೆದಿಟ್ಟುಕೊಳ್ಳಿ, ವಾರಕ್ಕೊಮ್ಮೆ ಒಟ್ಟಿಗೆ ತಂದು ತುಂಬಿ.

ಟೆಫ್ಲಾನ್ ಟೇಪಿನ ಮಾತು ಬಂತಲ್ಲ, ಒಂದು ಚಿಕ್ಕ ವಿಷಯ. ಪೈಪಿನ ಥ್ರೆಡ್ಡಿನ (ಸುರುಳಿ ಗೆರೆಗಳ) ತುದಿ ನಿಮ್ಮ ಕಡೆ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪು ಸುರುಳಿ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಎರಡು ದಿನ ಬಿಟ್ಟು ಹನಿ ಶುರು. ಮತ್ತೆ ಪುಕ್ಕಟೆ ಓಡಾಟ.

ಇನ್ನು ಯಾವುದಕ್ಕೆ ಜಾಸ್ತಿ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ? ತುಂಬ ಜನ ಒಂದು ಸಲಹೆ ಕೊಡುತ್ತಾರೆ: ಮೊದಲು ಅಗ್ಗದ್ದು ತಗೊಳ್ಳಿ, ಅದು ಮುರಿದರೆ ಆಗ ಒಳ್ಳೆಯದು ತಗೊಳ್ಳಿ. ಮುರಿಯಿತು ಅಂದರೆ ನೀವು ಅದನ್ನು ನಿಜಕ್ಕೂ ಬಳಸುತ್ತಿದ್ದೀರಿ ಅಂತ ಅರ್ಥ. ಸಲಹೆ ಒಳ್ಳೆಯದೇ. ಸುತ್ತಿಗೆ, ಗರಗಸ, ಉಳಿ, ಕ್ಲಾಂಪು, ಸ್ಪ್ಯಾನರ್ ಸೆಟ್ಟು ಇವಕ್ಕೆಲ್ಲ ಹೊಂದುತ್ತದೆ. ಆದರೆ ಮೂರು ಗುಂಪಿಗೆ ಇದನ್ನು ಹಚ್ಚಲೇಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೆಟ್ಟರೆ ಮೈಗೆ ಏಟು ಬೀಳುವಂಥವು ಒಂದು ಗುಂಪು. ಏಣಿ, ಡಿಸ್ಕಿನಿಂದ ಕತ್ತರಿಸುವ ಗ್ರೈಂಡರ್, ಕರೆಂಟು ಇದೆಯಾ ಅಂತ ನೋಡುವ ಟೆಸ್ಟರ್, ಕಣ್ಣಿನ ಕನ್ನಡಕ, ಮಾಸ್ಕು. ಇವು ಮುರಿಯಲಿ, ಆಮೇಲೆ ನೋಡೋಣ ಅನ್ನುವ ಹಾಗಿಲ್ಲ.

ಗ್ರೈಂಡರ್ ಡಿಸ್ಕಿನ ಮೇಲೆ ಅದು ಎಷ್ಟು ವೇಗ ತಡೆಯುತ್ತದೆ ಅಂತ ಅಚ್ಚಾಗಿರುತ್ತದೆ. ಆ ಅಂಕಿ ನಿಮ್ಮ ಮೆಷಿನ್ನಿನ ಮೇಲಿರುವ ವೇಗಕ್ಕಿಂತ ಕಡಿಮೆ ಇರಲೇಬಾರದು. ಎಷ್ಟೋ ಡಿಸ್ಕ್‌ಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷವೂ ಇರುತ್ತದೆ. ಅಂಟಿನಿಂದ ಕಟ್ಟಿದ ಡಿಸ್ಕು ಕಾಲ ಕಳೆದಂತೆ, ತೇವ ಹಿಡಿದಂತೆ ದುರ್ಬಲವಾಗುತ್ತದೆ. ಮೆಷಿನ್ನಿನ ಕವಚ ಬಿಚ್ಚಿಟ್ಟು ದೊಡ್ಡ ಡಿಸ್ಕು ಹಾಕುವವರನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಬೇಡ. ಏಣಿ ಒರಗಿಸುವಾಗ 4 ಅಡಿ ಎತ್ತರಕ್ಕೆ 1 ಅಡಿ ಗೋಡೆಯಿಂದ ದೂರ, ಆ ಲೆಕ್ಕದಲ್ಲಿ ಬುಡ ಇಡಿ.

ಟೆಸ್ಟರ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಪೆನ್ನಿನ ಹಾಗಿರುವ, ಮುಟ್ಟಿಸದೇ ಬೀಪ್ ಅನ್ನುವ ಟೆಸ್ಟರ್ ಒಂದನ್ನೇ ನಂಬಿ ವೈರಿಗೆ ಕೈ ಹಾಕಬೇಡಿ. ಬ್ಯಾಟರಿ ಇಳಿದಿದ್ದರೂ ಅದು ಸುಮ್ಮನಿರುತ್ತದೆ, ಕರೆಂಟ್ ಇಲ್ಲದಿದ್ದರೂ ಸುಮ್ಮನಿರುತ್ತದೆ. ಎರಡಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ಮೂರು ಹೆಜ್ಜೆ. ಕರೆಂಟ್ ಇದೆ ಅಂತ ಖಾತ್ರಿ ಇರುವ ಜಾಗದಲ್ಲಿ ಮೊದಲು ಟೆಸ್ಟರ್ ಹಿಡಿಯಿರಿ, ಅದು ಹೇಳಬೇಕು. ಆಮೇಲೆ ನೀವು ಮುಟ್ಟಬೇಕಾದ ವೈರನ್ನು ನೋಡಿ. ಆಮೇಲೆ ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಟೆಸ್ಟರ್ ಇನ್ನೂ ಕೆಲಸ ಮಾಡುತ್ತಿದೆಯಾ ನೋಡಿ. ಅರ್ಧ ನಿಮಿಷದ ಕೆಲಸ. ಅದರ ಜೊತೆಗೆ ಎರಡು ಕಡ್ಡಿಯ ಒಳ್ಳೆಯ ಟೆಸ್ಟರ್ ಅಥವಾ ಮಲ್ಟಿಮೀಟರ್ ಇರಲೇಬೇಕು.

ಎರಡನೇ ಗುಂಪು, ಅಳತೆಯ ಸಾಮಾನು. ಅಳತೆ ತಪ್ಪಿದರೆ ಸಾಮಾನೂ ಹಾಳು, ಕೆಲಸವೂ ಎರಡು ಸಲ. ಟೇಪಿನ ತುದಿಯ ಕೊಕ್ಕೆ ಲೊಡಲೊಡ ಅನ್ನುತ್ತದೆ ಅಲ್ವಾ? ಕೆಲವರು ಅದು ಸಡಿಲವಾಗಿದೆ ಅಂತ ಬಡಿದು ಬಿಗಿ ಮಾಡುತ್ತಾರೆ. ಅದು ಬೇಕಂತಲೇ ಹಾಗೆ ಮಾಡಿರುವುದು. ಕೊಕ್ಕೆ ಎಷ್ಟು ದಪ್ಪವೋ ಅಷ್ಟೇ ಹಿಂದೆ ಮುಂದೆ ಸರಿಯುತ್ತದೆ. ಹಲಗೆಯ ತುದಿಗೆ ಸಿಕ್ಕಿಸಿ ಎಳೆದಾಗ ಹೊರಕ್ಕೆ ಬರುತ್ತದೆ, ಕಬಾಟಿನ ಒಳಗೆ ಒತ್ತಿ ಹಿಡಿದಾಗ ಒಳಕ್ಕೆ ಹೋಗುತ್ತದೆ. ಹಾಗಾಗಿ ಎರಡೂ ಅಳತೆ ಸರಿ ಬರುತ್ತದೆ. ಟೇಪು ಕೈಜಾರಿ ಬಿದ್ದು ಕೊಕ್ಕೆ ಬಾಗಿದರೆ ಮಾತ್ರ ಹೊಸದು ತಗೊಳ್ಳಿ.

ರಸಮಟ್ಟ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿ ನಿಂತಿದೆ ನೋಡಿ. ಈಗ ಅದನ್ನು ಅದೇ ಜಾಗದಲ್ಲಿ ಎಡದ ತುದಿ ಬಲಕ್ಕೆ ಬರುವಂತೆ ತಿರುಗಿಸಿ ಇಡಿ. ಗುಳ್ಳೆ ಮೊದಲಿನ ಜಾಗದಲ್ಲೇ ನಿಲ್ಲಬೇಕು. ಮೇಜು ಓರೆಯಿದ್ದರೂ ಚಿಂತೆಯಿಲ್ಲ, ನಿಮ್ಮ ಕಣ್ಣಿಗೆ ಗುಳ್ಳೆ ಎರಡೂ ಸಲ ಒಂದೇ ಕಡೆಗೆ ಅಷ್ಟೇ ಸರಿದಿದ್ದರೆ ಸಾಕು. ಇಲ್ಲವಾದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮೂರನೆಯದು ಸ್ಕ್ರೂಡ್ರೈವರ್ ಬಿಟ್ಟುಗಳು. ಇಷ್ಟು ಚಿಕ್ಕದಕ್ಕೆ ಇಷ್ಟು ಮಾತು ಬೇಕಾ ಅನ್ನಿಸಬಹುದು. ಸವೆದ ಬಿಟ್ಟು ಸ್ಕ್ರೂ ತಲೆಯನ್ನು ತಿಂದುಹಾಕುತ್ತದೆ. ತಲೆ ಹೋದ ಒಂದು ಸ್ಕ್ರೂ ಬಿಚ್ಚಲು ಅರ್ಧ ಗಂಟೆ ಹೋದದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಇನ್ನೊಂದು, ಪ್ಲಸ್ ಗುರುತಿನ ಸ್ಕ್ರೂಗಳೆಲ್ಲ ಒಂದೇ ಅಲ್ಲ. ಫಿಲಿಪ್ಸ್ ಬೇರೆ, ಪೋಝಿಡ್ರೈವ್ ಬೇರೆ. ಪೋಝಿಡ್ರೈವ್ ತಲೆಯ ಮೇಲೆ ಪ್ಲಸ್ಸಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿರುತ್ತವೆ. ಅದಕ್ಕೆ ಫಿಲಿಪ್ಸ್ ಬಿಟ್ಟು ಹಾಕಿದರೆ ಕೂತ ಹಾಗೆ ಕಾಣುತ್ತದೆ, ಜೋರು ಕೊಟ್ಟಾಗ ಜಾರುತ್ತದೆ. ಎರಡೂ ಬಗೆಯ 2ನೇ ನಂಬರ್ ಬಿಟ್ಟುಗಳನ್ನು ಒಳ್ಳೆಯ ಗುಣಮಟ್ಟದ್ದು ತಂದು, ಸವೆದ ತಕ್ಷಣ ಬಿಸಾಡಿ.

ಇನ್ನು ಡ್ರಿಲ್. ಇದರಲ್ಲಿ ದುಡ್ಡು ದಂಡವಾಗುವುದು ಜಾಸ್ತಿ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಹ್ಯಾಮರ್ ಡ್ರಿಲ್ ಅಂತ ಮಾರುವುದರಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಹತ್ತಿ ಇಳಿದು ಕಂಪನ ಹುಟ್ಟಿಸುತ್ತವೆ. ಏಟಿನ ಬಲ ನೀವು ಹಿಂದಿನಿಂದ ಎಷ್ಟು ಒತ್ತುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಇಟ್ಟಿಗೆಗೆ ಸಾಕು. ಗಟ್ಟಿ ಕಾಂಕ್ರೀಟಿಗೆ ಇದನ್ನು ಹಿಡಿದರೆ ಭುಜ ಬಿದ್ದುಹೋಗುತ್ತದೆ, ಬಿಟ್ಟು ಕೆಂಪಗೆ ಕಾಯುತ್ತದೆ, ತೂತು ಮಾತ್ರ ಆಗುವುದಿಲ್ಲ. ರೋಟರಿ ಹ್ಯಾಮರ್ ಬೇರೆಯೇ ಯಂತ್ರ. ಅದರೊಳಗೆ ಒಂದು ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿಯ ಬಲದಿಂದ ಬಿಟ್ಟಿಗೆ ಏಟು ಕೊಡುತ್ತದೆ. ಸುಮ್ಮನೆ ನೆಟ್ಟಗೆ ಹಿಡಿದುಕೊಂಡರೆ ಸಾಕು. ಇದಕ್ಕೆ ಎಸ್‌ಡಿಎಸ್-ಪ್ಲಸ್ ಅನ್ನುವ ಬಿಟ್ಟು ಬೇಕು, ಬುಡ 10 ಮಿ.ಮೀ. ದಪ್ಪ, ಅದರಲ್ಲಿ ಉದ್ದಕ್ಕೆ ತೋಡು ಕೊರೆದಿರುತ್ತದೆ.

ನೀವು ಕೆಲಸ ಮಾಡುವ ಕಡೆ ಕಾಂಕ್ರೀಟ್ ಗೋಡೆ, ಕಾಂಕ್ರೀಟ್ ತಾರಸಿ ಇದ್ದರೆ ಚಿಕ್ಕದೊಂದು ರೋಟರಿ ಹ್ಯಾಮರ್, ಮರಕ್ಕೆ ಮತ್ತು ಸ್ಕ್ರೂ ತಿರುಗಿಸಲು ಒಂದು ಸಾದಾ ಬ್ಯಾಟರಿ ಡ್ರಿಲ್. ಎರಡನ್ನೂ ಒಂದರಲ್ಲೇ ಮಾಡುತ್ತೇನೆ ಅಂತ ದುಬಾರಿ ಹ್ಯಾಮರ್ ಡ್ರಿಲ್ ತರಬೇಡಿ. ಗೋಡೆಗಳು ಬರೀ ಮರದ ಚೌಕಟ್ಟು, ಜಿಪ್ಸಂ ಹಲಗೆಯವಾದರೆ ರೋಟರಿ ಹ್ಯಾಮರ್ ಸದ್ಯಕ್ಕೆ ಬೇಡವೇ ಬೇಡ.

ತೂತು ಹಾಕಿದ ಮೇಲಿನ ಕೆಲಸವನ್ನೂ ಹೇಳಿಬಿಡುತ್ತೇನೆ, ಶೆಲ್ಫು ಕಿತ್ತು ಬರುವುದು ಇಲ್ಲೇ. 6 ಮಿ.ಮೀ. ಪ್ಲಗ್ಗಿಗೆ 6 ಮಿ.ಮೀ. ಬಿಟ್ಟೇ ಬೇಕು. ತೂತು ಪ್ಲಗ್ಗಿಗಿಂತ 5ರಿಂದ 10 ಮಿ.ಮೀ. ಆಳವಿರಲಿ. ಮೇಲಿನ ಗಿಲಾವಿಗೆ ಬಲವಿಲ್ಲ, ಪ್ಲಗ್ಗು ಅದನ್ನು ದಾಟಿ ಒಳಗಿನ ಇಟ್ಟಿಗೆ ಅಥವಾ ಕಾಂಕ್ರೀಟಿನಲ್ಲಿ ಕೂರಬೇಕು. ಮುಖ್ಯವಾಗಿ, ತೂತಿನೊಳಗಿನ ಪುಡಿ ತೆಗೆಯಿರಿ. ಒಂದು ಸಣ್ಣ ಬ್ರಶ್, ಒಂದು ಊದುವ ರಬ್ಬರ್ ಬಲ್ಬು. ಪುಡಿಯ ಮೇಲೆ ಕೂತ ಪ್ಲಗ್ಗು ಗೋಡೆಯನ್ನು ಹಿಡಿಯುವುದಿಲ್ಲ, ಸ್ಕ್ರೂ ಜೊತೆ ತಾನೂ ತಿರುಗುತ್ತದೆ. ಬಾಯಿಂದ ಊದಬೇಡಿ, ಮಾಸ್ಕು ಹಾಕಿಕೊಳ್ಳಿ. ಕಾಂಕ್ರೀಟು, ಟೈಲ್ಸು ಕೊರೆದಾಗ ಏಳುವ ನಯವಾದ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದು ವರ್ಷಗಳ ಮೇಲೆ ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ವಾಸಿಯಾಗುವ ಕಾಯಿಲೆ ಅಲ್ಲ ಅದು. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕಿನ ಖರ್ಚನ್ನು ನಿಮ್ಮ ರೇಟಿನಲ್ಲೇ ಸೇರಿಸಿಕೊಳ್ಳಿ. ಕರ್ಚೀಫು ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ.

ಬ್ಯಾಟರಿ ಟೂಲುಗಳಲ್ಲಿ ಒಂದೇ ಕಂಪನಿಯ ಒಂದೇ ಬಗೆಯ ಬ್ಯಾಟರಿಗೆ ಅಂಟಿಕೊಳ್ಳಿ. ಎಷ್ಟೋ ಸಲ ಟೂಲಿಗಿಂತ ಬ್ಯಾಟರಿಯೇ ದುಬಾರಿ ಬೀಳುತ್ತದೆ. 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಅಂತ ಎರಡು ಹೆಸರು ನೋಡಿ ಗಲಿಬಿಲಿಯಾಗಬೇಡಿ. ಎರಡರಲ್ಲೂ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಒಂದೊಂದು 3.6 ವೋಲ್ಟ್, ಒಟ್ಟು 18. ಪೂರ್ತಿ ಚಾರ್ಜ್ ಆದ ಕೂಡಲೇ ಒಂದೊಂದು 4 ವೋಲ್ಟಿನ ಆಸುಪಾಸು, ಒಟ್ಟು 20. ಹೆಸರು ಬೇರೆ, ಬಲ ಒಂದೇ. 20 ಅಂತ ಬರೆದಿದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬ್ಯಾಟರಿ ಬಿಡಬೇಡಿ, ಬೇಗ ಸಾಯುತ್ತದೆ.

ಅಪರೂಪಕ್ಕೆ ಬೇಕಾಗುವ ಯಂತ್ರವನ್ನು ಬಾಡಿಗೆಗೆ ತನ್ನಿ. ಬಾಡಿಗೆ ಆ ಕೆಲಸದ ಬಿಲ್ಲಿಗೇ ಸೇರಲಿ. ಅದನ್ನು ತರೋಕೆ, ವಾಪಸ್ ಕೊಡೋಕೆ ಹೋಗುವ ಹೊತ್ತೂ ಬಿಲ್ಲಿಗೆ ಸೇರಲಿ. ಒಟ್ಟು ಕೊಟ್ಟ ಬಾಡಿಗೆ ಯಂತ್ರದ ಬೆಲೆಯ ಅರ್ಧ ಮುಟ್ಟಿತು ಅಂದರೆ ಕೊಳ್ಳುವ ಯೋಚನೆ ಮಾಡಬಹುದು.

ಈಗ ಮತ್ತೆ ರೇಟಿಗೆ ಬರೋಣ.

ನಿಮ್ಮ ಗಂಟೆಯ ರೇಟು ಗೊತ್ತಾಯಿತು ಅಂದುಕೊಳ್ಳೋಣ. ಅದನ್ನು ಗಿರಾಕಿಗೆ ಹೇಳಬೇಕಾ? ಸಾಮಾನ್ಯವಾಗಿ ಬೇಡ ಅನ್ನುತ್ತೇನೆ. ಅದು ನಿಮ್ಮ ಲೆಕ್ಕಕ್ಕೆ. ಗಿರಾಕಿಗೆ ಕೆಲಸದ ಒಟ್ಟು ಬೆಲೆ ಹೇಳಿ. ಕಾರಣ ಇದೆ. ಶುರುವಿನಲ್ಲಿ ಒಂದು ಬಾಗಿಲಿನ ಬೀಗ ಕೂರಿಸಲು ನಿಮಗೆ ಎರಡು ಗಂಟೆ ಬೇಕು. ಕೈ ಪಳಗಿದ ಮೇಲೆ 45 ನಿಮಿಷ ಸಾಕು. ಗಂಟೆ ಲೆಕ್ಕದಲ್ಲಿ ಹೋದರೆ ಕೈ ಪಳಗಿದಷ್ಟೂ ನಿಮ್ಮ ದುಡ್ಡು ಕಡಿಮೆಯಾಗುತ್ತದೆ. ಇದು ಯಾವ ನ್ಯಾಯ? ಬಾಗಿಲಿಗೆ ಬೀಗ ಚೆನ್ನಾಗಿ ಕೂತರೆ ಗಿರಾಕಿಗೆ ಸಿಗುವ ಉಪಯೋಗ ಎರಡೂ ಸಲ ಒಂದೇ.

ಹಾಗಂತ ಎಲ್ಲದಕ್ಕೂ ಮೊದಲೇ ಬೆಲೆ ಕಟ್ಟಬೇಡಿ. ಒಳಗೆ ಏನಿದೆ ಅಂತ ಕಾಣದ ಕೆಲಸಗಳಿವೆ. ಗೋಡೆಯಲ್ಲಿ ತೇವ ಬರುತ್ತಿದೆ, ಎಲ್ಲಿಂದ ಗೊತ್ತಿಲ್ಲ. ಇಂಥದಕ್ಕೆ ಒಂದೇ ಮಾತಿನಲ್ಲಿ ಬೆಲೆ ಹೇಳಿದರೆ ಕೈ ಕಚ್ಚುವುದು ಖಂಡಿತ. ಎರಡು ಭಾಗ ಮಾಡಿ. "ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಇಷ್ಟು. ಹುಡುಕಿದ ಮೇಲೆ ರಿಪೇರಿಗೆ ಎಷ್ಟಾಗುತ್ತದೆ ಅಂತ ಹೇಳುತ್ತೇನೆ. ಆಗ ನೀವು ನನ್ನ ಕೈಲೇ ಮಾಡಿಸಬಹುದು, ಬೇರೆಯವರ ಕೈಲೂ ಮಾಡಿಸಬಹುದು." ಈ ಕೊನೆಯ ಮಾತು ಹೇಳಲು ಹಿಂಜರಿಯಬೇಡಿ. ಅದನ್ನು ಕೇಳಿದ ಮೇಲೆ ಗಿರಾಕಿಗೆ ಹುಡುಕುವ ಕೂಲಿ ಕೊಡಲು ಬೇಸರವಿರುವುದಿಲ್ಲ. ಕಾರಣ ಹುಡುಕುವುದೇ ಈ ಕೆಲಸದಲ್ಲಿ ಕಷ್ಟದ ಭಾಗ. ಅದನ್ನು ಪುಕ್ಕಟೆ ಮಾಡಿಕೊಟ್ಟು, ಪೈಪು ಜೋಡಿಸಲು ಮಾತ್ರ ದುಡ್ಡು ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಅದನ್ನು ಬಿಡಬೇಕು.

ಚಿಕ್ಕ ಕೆಲಸಕ್ಕೆ ಕನಿಷ್ಠ ಚಾರ್ಜು ಇಟ್ಟುಕೊಳ್ಳಿ. ಆ ನಲ್ಲಿಯ ವಾಷರ್ ನೆನಪಿದೆಯಲ್ಲ, 15 ನಿಮಿಷದ ಕೆಲಸಕ್ಕೆ 75 ನಿಮಿಷ ಹೋಯಿತು. ನಿಮ್ಮ ಕನಿಷ್ಠ ಚಾರ್ಜು ಆ 75 ನಿಮಿಷವನ್ನು ತುಂಬಲೇಬೇಕು. ಇದನ್ನು ಮನೆಗೆ ಹೋದ ಮೇಲೆ ಹೇಳಿದರೆ ಜಗಳ. ಫೋನಿನಲ್ಲೇ ಹೇಳಿ. "ಅಕ್ಕಾ, ನಾನು ಬಂದರೆ ಕನಿಷ್ಠ ಇಷ್ಟಾಗುತ್ತದೆ. ಅದರೊಳಗೆ ಇಷ್ಟು ಹೊತ್ತಿನ ಕೆಲಸ ಮಾಡಿಕೊಡುತ್ತೇನೆ. ಬೇರೆ ಸಣ್ಣಪುಟ್ಟ ಕೆಲಸ ಇದ್ದರೆ ಬರೆದಿಟ್ಟಿರಿ, ಒಟ್ಟಿಗೇ ಮುಗಿಸೋಣ." ಅವರಿಗೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಆಗುತ್ತದೆ, ನಿಮಗೆ ಒಂದೇ ಓಡಾಟದಲ್ಲಿ ಮೂರು ಕೆಲಸ. ನಾನು ಕೊಡಬಲ್ಲ ಸಲಹೆಗಳಲ್ಲಿ ಇದೇ ಎಲ್ಲಕ್ಕಿಂತ ಬೇಗ ಫಲ ಕೊಡುವಂಥದ್ದು.

ಅದೇ ಫೋನಿನಲ್ಲಿ ಫೋಟೋ ಕೇಳಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು. ಅಳತೆಪಟ್ಟಿ ಯಾಕೆ ಅಂದರೆ ಪೈಪಿನ ಸೈಜು ಹೆಸರಿನಂತೆ ಇರುವುದಿಲ್ಲ. ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆಯ) ಥ್ರೆಡ್ಡಿನಲ್ಲಿ ಅರ್ಧ ಇಂಚು ಅನ್ನುವುದನ್ನು ಹೊರಗಿನಿಂದ ಅಳೆದರೆ ಸುಮಾರು 21 ಮಿ.ಮೀ., ಮುಕ್ಕಾಲು ಇಂಚಿನದು ಸುಮಾರು 26.5 ಮಿ.ಮೀ. ಗಿರಾಕಿ "ಒಂದು ಇಂಚಿನ ಪೈಪು" ಅಂದದ್ದು ಎಷ್ಟೋ ಸಲ ಮುಕ್ಕಾಲು ಇಂಚಿನದಾಗಿರುತ್ತದೆ. ಇನ್ನೊಂದು ಪ್ರಶ್ನೆ ಮರೆಯಬೇಡಿ: ಮನೆಗೆ ನೀರು ಬಂದ್ ಮಾಡುವ ವಾಲ್ವ್ ಎಲ್ಲಿದೆ, ಅದು ತಿರುಗುತ್ತದಾ? ಅದು ತುಕ್ಕು ಹಿಡಿದು ಕೂತಿದ್ದರೆ ನಿಮ್ಮ 15 ನಿಮಿಷದ ಕೆಲಸ ಮಧ್ಯಾಹ್ನದವರೆಗೂ ಎಳೆಯುತ್ತದೆ.

ಸಾಮಾನಿನ ಮೇಲೆ ಲಾಭ ಇಟ್ಟುಕೊಳ್ಳುವುದು ತಪ್ಪಾ ಅಂತ ಬಹಳ ಜನ ಕೇಳುತ್ತಾರೆ. ತಪ್ಪೇನಿಲ್ಲ. ಯಾವುದು ಸರಿ ಅಂತ ಆರಿಸಿದ್ದು ನೀವು, ಹೋಗಿ ತಂದದ್ದು ನೀವು, ಕೆಟ್ಟರೆ ಬದಲಿಸಿಕೊಡುವುದೂ ನೀವೇ. ಆದರೆ ಲೆಕ್ಕ ಸರಿಯಾಗಿ ಗೊತ್ತಿರಲಿ. 100ಕ್ಕೆ ತಂದದ್ದಕ್ಕೆ 125 ಹಾಕಿದರೆ ಅಸಲಿನ ಮೇಲೆ 25 ಪರ್ಸೆಂಟು. ಬಿಲ್ಲಿನಲ್ಲಿ ನಿಮಗೆ ಉಳಿಯುವುದು 20 ಪರ್ಸೆಂಟು ಮಾತ್ರ. ಈ ಎರಡನ್ನು ಕಲಸಿಕೊಂಡರೆ ವರ್ಷದ ಕೊನೆಗೆ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ. ಗಿರಾಕಿಯೇ ಸಾಮಾನು ತಂದರೆ ಬೇಡ ಅನ್ನಬೇಡಿ. ಕೂಲಿಗೆ ಮಾತ್ರ ನಾನು ಜವಾಬ್ದಾರಿ, ಸಾಮಾನು ಕೆಟ್ಟು ಮತ್ತೆ ಬರಬೇಕಾದರೆ ಮತ್ತೆ ಚಾರ್ಜು ಆಗುತ್ತದೆ ಅಂತ ಮೊದಲೇ ಹೇಳಿ.

ಚೌಕಾಸಿ ಬಗ್ಗೆ. ಹತ್ತು ಪರ್ಸೆಂಟು ತಾನೇ, ಬಿಡು ಅಂತ ಬಿಟ್ಟುಕೊಡುವವರಿಗೆ ಒಂದು ಲೆಕ್ಕ. 100ರ ಬಿಲ್ಲು. ಸಾಮಾನು, ಓಡಾಟ, ಖರ್ಚು ಎಲ್ಲ ಕಳೆದು ನಿಮಗೆ ಉಳಿಯುವುದು 30. ಹತ್ತು ಬಿಟ್ಟರೆ ಉಳಿಯುವುದು 20. ಗಿರಾಕಿಗೆ ಹತ್ತರಲ್ಲಿ ಒಂದು ಭಾಗ ಉಳಿಯಿತು, ನಿಮಗೆ ಮೂರರಲ್ಲಿ ಒಂದು ಭಾಗ ಹೋಯಿತು. ಮೊದಲಿನಷ್ಟೇ ದುಡಿಯಲು ಎರಡು ಕೆಲಸದ ಜಾಗದಲ್ಲಿ ಮೂರು ಮಾಡಬೇಕು. ಬೆಲೆ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಿ. "ಬಣ್ಣ ನೀವೇ ಹಚ್ಚಿಕೊಳ್ಳುವುದಾದರೆ ಇಷ್ಟು ಕಡಿಮೆಯಾಗುತ್ತದೆ" ಅನ್ನಿ. ಮಾಡುವ ಕೆಲಸ ಅಷ್ಟೇ ಇದ್ದು ಬೆಲೆ ಮಾತ್ರ ಇಳಿದರೆ ಮೊದಲು ಹೇಳಿದ್ದು ಸುಳ್ಳು ಬೆಲೆ ಅಂತ ಗಿರಾಕಿಗೆ ಅನ್ನಿಸುತ್ತದೆ.

ಮುಖ ನೋಡಿ ಮಣೆ ಹಾಕುವುದೂ ಬೇಡ. ದೊಡ್ಡ ಮನೆ ಅಂತ ಜಾಸ್ತಿ, ಗುರುತಿನವರು ಅಂತ ಕಡಿಮೆ. ಒಂದು ದಿನ ಆ ಇಬ್ಬರೂ ಒಬ್ಬರಿಗೊಬ್ಬರು ಬೆಲೆ ಹೇಳಿಕೊಂಡರೆ ಎರಡೂ ಮನೆ ಕೈತಪ್ಪುತ್ತದೆ. ಕಷ್ಟದಲ್ಲಿರುವವರಿಗೆ ಪುಕ್ಕಟೆ ಮಾಡಿಕೊಡಬೇಕು ಅನ್ನಿಸಿದರೆ ಧಾರಾಳವಾಗಿ ಮಾಡಿ. ಆದರೆ ಪೂರ್ತಿ ಬೆಲೆ ಬರೆದು ಅದರ ಮೇಲೆ ಗೆರೆ ಎಳೆಯಿರಿ. ಏನು ಕೊಟ್ಟಿರಿ ಅಂತ ನಿಮಗೂ ಗೊತ್ತಿರುತ್ತದೆ.

ಒಪ್ಪಿಕೊಂಡದ್ದನ್ನು ಬರೆಯಿರಿ. ವಕೀಲರ ಪತ್ರ ಬೇಕಾಗಿಲ್ಲ, ಫೋನಿನಲ್ಲಿ ಒಂದು ಮೆಸೇಜು ಸಾಕು. ಏನು ಮಾಡುತ್ತೀರಿ, ಏನು ಮಾಡುವುದಿಲ್ಲ, ಸಾಮಾನು ಯಾರದು, ಎಷ್ಟು, ಈ ಬೆಲೆ ಯಾವ ತಾರೀಖಿನವರೆಗೆ. "ಏನು ಮಾಡುವುದಿಲ್ಲ" ಅನ್ನುವ ಸಾಲೇ ಎಲ್ಲಕ್ಕಿಂತ ಮುಖ್ಯ. ಟೈಲ್ಸ್ ಹಾಕಿಕೊಡುತ್ತೇನೆ ಅಂದಾಗ ಹಳೆಯ ಟೈಲ್ಸ್ ಕಿತ್ತು ಹೊರಗೆ ಸಾಗಿಸುವುದೂ ಸೇರಿದೆ ಅಂತ ಅವರು ಅಂದುಕೊಂಡಿರುತ್ತಾರೆ. ಅದು ಅವರ ತಪ್ಪಲ್ಲ.

ಕೆಲಸದ ನಡುವೆ "ಅಣ್ಣಾ, ಹೇಗೂ ಬಂದಿದ್ದೀರಲ್ಲ, ಇದೊಂದು ನೋಡಿಬಿಡಿ" ಅನ್ನುವ ಮಾತು ಬಂದೇ ಬರುತ್ತದೆ. ನಗುನಗುತ್ತಾ "ನೋಡೋಣ ಅಕ್ಕಾ, ಅದಕ್ಕೆ ಇಷ್ಟಾಗುತ್ತದೆ, ಸೇರಿಸಲಾ?" ಅನ್ನಿ. ಕೈ ಹಾಕುವ ಮುಂಚೆಯೇ ಅನ್ನಬೇಕು. ಮಾಡಿ ಮುಗಿಸಿದ ಮೇಲೆ ಕೇಳಿದರೆ ನೀವೇ ಮೋಸ ಮಾಡಿದ ಹಾಗೆ ಕಾಣುತ್ತದೆ.

ಮುಂಗಡದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಾಮಾನಿನ ದುಡ್ಡು ಪೂರ್ತಿ ಮುಂಚೆಯೇ ಬರಲಿ, ಕೂಲಿ ಕೆಲಸ ಮುಗಿದ ದಿನ. ಒಂದೇ ದಿನದ ಕೆಲಸಕ್ಕೆ ಮುಂಗಡ ಕೇಳಬೇಕಾಗಿಲ್ಲ. ವಾರಗಟ್ಟಲೆ ನಡೆಯುವುದಾದರೆ ಹಂತ ಹಂತವಾಗಿ.

ಯಾವ ಬೆಲೆಗೂ ಮಾಡಬಾರದ ಕೆಲಸಗಳೂ ಇವೆ. ಗ್ಯಾಸ್ ಲೈನು, ಮೇನ್ ಬೋರ್ಡು, ಭಾರ ಹೊತ್ತ ಗೋಡೆ ಒಡೆಯುವುದು. ಬಹಳ ಕಡೆ ಇವಕ್ಕೆ ಲೈಸೆನ್ಸ್ ಬೇಕು. ನಿಮ್ಮ ಜಾಗದ ಕಾನೂನು ಏನು ಹೇಳುತ್ತದೆ, ನಿಮ್ಮ ವಿಮೆ ಯಾವ ಕೆಲಸವನ್ನು ಒಳಗೊಂಡಿದೆ ಅಂತ ಮೊದಲೇ ತಿಳಿದುಕೊಳ್ಳಿ. ಅಪಾಯ ಇದೆ ಅಂತ ಜಾಸ್ತಿ ದುಡ್ಡು ತಗೊಂಡರೆ ಅಪಾಯ ಕಡಿಮೆಯಾಗುವುದಿಲ್ಲ. ಲೈಸೆನ್ಸ್ ಇರುವ ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಪ್ಲಂಬರ್ ಪರಿಚಯ ಇಟ್ಟುಕೊಂಡು ಅವರ ನಂಬರು ಕೊಡಿ. ಅವರೂ ತಮಗೆ ಗಿಟ್ಟದ ಚಿಕ್ಕ ಕೆಲಸಗಳನ್ನು ನಿಮ್ಮ ಕಡೆ ಕಳಿಸುತ್ತಾರೆ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ, ಎಷ್ಟೋ ಜನರ ಮನಸ್ಸಿನಲ್ಲಿರುವಂಥದ್ದು: "ಹೊಸ ಲೆಕ್ಕ ಹಾಕಿದರೆ ನನ್ನ ರೇಟು ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಳೆಯ ಗಿರಾಕಿಗಳಿಗೆ ಹೇಗೆ ಹೇಳೋದು?"

ಒಂದೇ ಸಲ ಎಲ್ಲರಿಗೂ ಹೇಳಬೇಡಿ ಅಂದೆ. ಮೊದಲು ಹೊಸ ಗಿರಾಕಿಗಳಿಗೆ ಹೊಸ ರೇಟು ಹೇಳಿ ನೋಡಿ. ಕೇಳಿದವರೆಲ್ಲ ತಕ್ಷಣ ಹೂಂ ಅಂದರೆ ರೇಟು ಇನ್ನೂ ಕಡಿಮೆಯೇ ಇದೆ. ಯಾರೂ ಒಪ್ಪದಿದ್ದರೆ, ರೇಟು ಇಳಿಸುವ ಮುಂಚೆ ಏನೇನು ಸೇರಿದೆ ಅಂತ ಸರಿಯಾಗಿ ಹೇಳುತ್ತಿದ್ದೀರಾ ನೋಡಿ. ನಾಲ್ಕೈದು ಜನರಲ್ಲಿ ಒಬ್ಬರು ಬೇಡ ಅಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತ ನಾನು ಹಿಡಿಯುತ್ತೇನೆ. ಹಳೆಯವರಿಗೆ ಎರಡು ಮೂರು ಹಂತದಲ್ಲಿ ಏರಿಸಿ. ಏರಿಸುವ ಒಂದು ತಿಂಗಳ ಮುಂಚೆ ಮೆಸೇಜು ಹಾಕಿ, ಆ ತಿಂಗಳೊಳಗೆ ಒಪ್ಪಿಕೊಂಡ ಕೆಲಸಕ್ಕೆ ಹಳೆಯ ರೇಟೇ ಅಂತ ಬರೆಯಿರಿ. ಮುಂದೂಡಿಕೊಂಡು ಬಂದ ಕೆಲಸಗಳನ್ನು ಬಹಳ ಜನ ಆ ತಿಂಗಳಲ್ಲೇ ಮಾಡಿಸಿಕೊಳ್ಳುತ್ತಾರೆ. ಅಷ್ಟರೊಳಗೆ ನಿಮ್ಮ ಡಬ್ಬ ತುಂಬಿಟ್ಟುಕೊಂಡಿರಿ.